ಬಣ್ಣ ಹತ್ತದ ಜಾಗ

ಮಾವ ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಕೈಚೀಲದಲ್ಲಿ ಒಂದು ಬಾಟಲಿ ಜೇನುತುಪ್ಪ, ಅತ್ತೆ ಕಟ್ಟಿಕೊಟ್ಟ ಹಲಸಿನ ಹಪ್ಪಳ. ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಚಿಕ್ಕ ಡಬ್ಬಿ. ಡಬ್ಬಿಯಲ್ಲಿ ಅವರದೇ ಪ್ರಾಸ್ಟೇಟಿನ 12 ಚೂರುಗಳಿದ್ದವು. ಬಯಾಪ್ಸಿ ಮಾಡಿದ ಕಡೆ ಕೇಳಿದರೆ ಸ್ಲೈಡು, ಚೂರನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕು ಎರಡನ್ನೂ ಕೊಡುತ್ತಾರೆ. ತಗೊಂಡು ಬನ್ನಿ, ಇನ್ನೊಬ್ಬರು ಪೆಥಾಲಜಿಸ್ಟ್ ಹತ್ತಿರ ತೋರಿಸೋಣ ಅಂತ ನಾನೇ ಹೇಳಿದ್ದೆ. ನಾನು ಕೆಲಸ ಮಾಡುವುದು ಅಂಥದ್ದೇ ಲ್ಯಾಬಿನಲ್ಲಿ. ಬೇರೆಯವರ ದೇಹದ ಚೂರುಗಳಿಗೆ ಬಣ್ಣ ಹಾಕುವುದು ನನ್ನ ಕೆಲಸ.

ಕಾಫಿ ಕುಡಿಯುತ್ತಾ ಮಾವ ಒಂದು ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿನ ಮೇಲೆ ಶಾವಿಗೆ ಎಳೆಯಂಥ ಗುಲಾಬಿ ಗೆರೆ. "ಇದ್ರಲ್ಲಿ ಅವರಿಗೆ ಏನು ಕಂಡ್ತು ಪುಟ್ಟಿ?" ಅಂದರು.

"ಕಂಡಿದ್ದಲ್ಲ ಮಾವ," ಅಂದೆ. "ಕಾಣ್ಬೇಕಾಗಿದ್ದು ಕಾಣ್ಲಿಲ್ಲ."

ಆ ಮಾತನ್ನು ಅವರಿಗೆ ಆವತ್ತು ಪೂರ್ತಿ ಬಿಡಿಸಿ ಹೇಳಲು ಆಗಲಿಲ್ಲ. ಇಲ್ಲಿ ಸಾವಕಾಶವಾಗಿ ಬರೆಯುತ್ತೇನೆ.

ಪ್ರಾಸ್ಟೇಟ್ ಇರುವುದು ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು. ಪುಸ್ತಕಗಳಲ್ಲಿ ಅಕ್ರೋಟಿನ ಗಾತ್ರ ಅಂತ ಬರೆದಿರುತ್ತಾರೆ. ಮಾವನಿಗೆ ನಾನು ಸಿಪ್ಪೆ ಸಹಿತದ ಹಸಿ ಅಡಿಕೆ ಅಂದೆ, ತಕ್ಷಣ ಅರ್ಥವಾಯಿತು. ಅದರೊಳಗೆ ನೂರಾರು ಪುಟ್ಟ ಪುಟ್ಟ ಗ್ರಂಥಿಗಳಿವೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಒಂದೊಂದೂ ನಡುವೆ ಖಾಲಿ ಇರುವ ಉಂಗುರ. ಉಂಗುರದ ಒಳಸಾಲಿನಲ್ಲಿ ಎತ್ತರದ ಕೋಶಗಳು. ವೀರ್ಯಕ್ಕೆ ಸೇರುವ ದ್ರವವನ್ನು ಸ್ರವಿಸುವವು ಇವೇ. ರಕ್ತಪರೀಕ್ಷೆಯಲ್ಲಿ ನಾವು ಕೇಳುವ ಪಿಎಸ್‌ಎ ಎಂಬ ಪ್ರೋಟೀನ್ ತಯಾರಾಗುವುದೂ ಇವುಗಳಲ್ಲೇ. ಅವುಗಳ ಹೊರಗೆ, ಉಂಗುರದ ತಳಕ್ಕೆ ಒತ್ತಿಕೊಂಡು ಇನ್ನೊಂದು ಸಾಲು. ಚಪ್ಪಟೆಯಾದ, ಕಣ್ಣಿಗೆ ಸುಲಭವಾಗಿ ಬೀಳದ ಬೇಸಲ್ ಕೋಶಗಳು. ಅದರಾಚೆಗೆ ಸ್ನಾಯು, ನಾರು, ರಕ್ತನಾಳ ತುಂಬಿದ ಸ್ಟ್ರೋಮಾ. ಒಳಸಾಲು ಮನೆಮಂದಿ, ಬೇಸಲ್ ಸಾಲು ಬೇಲಿ, ಸ್ಟ್ರೋಮಾ ಊರು ಅಂತ ಇಟ್ಟುಕೊಳ್ಳಿ.

ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಈ ಬೇಲಿ ಇರುವುದಿಲ್ಲ. ಕ್ಯಾನ್ಸರಿನ ಗ್ರಂಥಿಯೂ ಉಂಗುರದ ಹಾಗೇ ಕಾಣಬಹುದು. ಆದರೆ ಸಾಲು ಒಂದೇ, ಹೊರಗಿನದು ಇಲ್ಲ. ದೊಡ್ಡ ಗಡ್ಡೆಯಾದರೆ ಮಾಮೂಲಿ ಗುಲಾಬಿ-ನೀಲಿ ಬಣ್ಣದಲ್ಲೇ ಪೆಥಾಲಜಿಸ್ಟ್ ಹೇಳಿಬಿಡುತ್ತಾರೆ. ಕಷ್ಟ ಬರುವುದು ಸೂಜಿ ಬಯಾಪ್ಸಿಯಲ್ಲಿ. ಒಂದು ಎಳೆಯ ಮೂಲೆಯಲ್ಲಿ ಏಳೆಂಟು ಚಿಕ್ಕ ಗ್ರಂಥಿಗಳು ಮಾತ್ರ ಸಿಕ್ಕಿರುತ್ತವೆ. ಅವುಗಳ ಬೇಸಲ್ ಸಾಲು ನಿಜವಾಗಿಯೂ ಇಲ್ಲವೋ, ಇದ್ದೂ ಕಾಣುತ್ತಿಲ್ಲವೋ? ಆಗ ಆಂಟಿಬಾಡಿ, ಅಂದರೆ ಒಂದು ಗುರುತನ್ನು ಮಾತ್ರ ಹುಡುಕಿ ಅಂಟುವ ಪ್ರೋಟೀನ್, ಹಾಕಿ ಕೇಳಬೇಕು. ಮಾವನ ಎಳೆಯೂ ಅಂಥದ್ದೇ ಆಗಿತ್ತು.

ಆಂಟಿಬಾಡಿಯಿಂದ ಬಣ್ಣ ಹಾಕುವ ಯೋಚನೆಗೆ ಎಂಬತ್ತು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ಆಲ್ಬರ್ಟ್ ಕೂನ್ಸ್ ಅನ್ನುವ ಅಮೆರಿಕದ ವೈದ್ಯರಿಗೆ ಅದು ಹೊಳೆದದ್ದು 1939ರಲ್ಲಿ, ಬರ್ಲಿನ್ನಿಗೆ ಹೋಗಿದ್ದಾಗ. ರುಮ್ಯಾಟಿಕ್ ಜ್ವರದ ಗಂಟುಗಳಲ್ಲಿ ರೋಗಾಣುವಿನ ಅಂಶ ಇದೆಯೇ ಅಂತ ಕಣ್ಣಾರೆ ನೋಡುವುದು ಹೇಗೆ ಎಂದು ಅವರು ಯೋಚಿಸುತ್ತಿದ್ದರು. ಆಂಟಿಬಾಡಿ ತನ್ನ ಗುರುತಿನದಕ್ಕೆ ಮಾತ್ರ ಹೋಗಿ ಅಂಟುತ್ತದೆ, ಅಲ್ವಾ? ಹಾಗಾದರೆ ಅದರ ಬೆನ್ನಿಗೇ ಹೊಳೆಯುವ ಬಣ್ಣ ಕಟ್ಟಿ ಕಳಿಸಿದರೆ? ಹಾರ್ವರ್ಡಿಗೆ ಮರಳಿ, 1941ರಲ್ಲಿ ಜೊತೆಗಾರರೊಂದಿಗೆ ಅದನ್ನು ಮಾಡಿ ತೋರಿಸಿದರು. 1966ರಲ್ಲಿ ನಕಾನೆ ಮತ್ತು ಪಿಯರ್ಸ್ ಹೊಳೆಯುವ ಬಣ್ಣದ ಬದಲು ಪೆರಾಕ್ಸಿಡೇಸ್ ಎಂಬ ಕಿಣ್ವ ಕಟ್ಟಿದರು. ಕತ್ತಲೆ ಕೋಣೆ ಬೇಡವಾಯಿತು. ಮಾಮೂಲಿ ಮೈಕ್ರೋಸ್ಕೋಪಿನಲ್ಲೇ ಕಂದು ಗುರುತು ಕಾಣತೊಡಗಿತು.

ಇವತ್ತು ನನ್ನ ಮೇಜಿನ ಮೇಲೆ ನಡೆಯುವುದೂ ಹೆಚ್ಚುಕಡಿಮೆ ಅದೇ. ಕೂದಲೆಳೆಗಿಂತ ಎಷ್ಟೋ ತೆಳ್ಳಗೆ, ನಾಲ್ಕು ಮೈಕ್ರಾನಿನಷ್ಟು, ಮೇಣದ ಬ್ಲಾಕಿನಿಂದ ಹೆರೆದ ಪದರ. ಅದರ ಸುತ್ತ ಮೇಣದ ಪೆನ್ನಿನಿಂದ ಒಂದು ವೃತ್ತ ಬರೆಯುತ್ತೇನೆ, ದ್ರವ ಹರಿದು ಹೋಗದಿರಲಿ ಅಂತ. ರಕ್ತದ ಕೋಶಗಳಲ್ಲಿ ಇರುವ ಪೆರಾಕ್ಸಿಡೇಸ್ ಸುಳ್ಳು ಬಣ್ಣ ಕೊಡದಿರಲೆಂದು ಮೊದಲೇ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅದನ್ನು ಸುಮ್ಮನಾಗಿಸುತ್ತೇನೆ. ಆಮೇಲೆ ಮೊದಲ ಆಂಟಿಬಾಡಿ. ಅದು ಬಹಳ ಸಲ ಇಲಿಯದು. ತೊಳೆದು, ಅದನ್ನು ಹಿಡಿಯುವ ಎರಡನೇ ಆಂಟಿಬಾಡಿ. ಅದು ಮೇಕೆಯದೋ ಕುದುರೆಯದೋ. ಅದಕ್ಕೆ ಕಟ್ಟಿರುವ ಪೆರಾಕ್ಸಿಡೇಸ್ ಬಂದಿರುವುದು ಮೂಲಂಗಿ, ಸಾಸಿವೆಗಳ ಬಳಗಕ್ಕೆ ಸೇರಿದ ಹಾರ್ಸ್‌ರ‍್ಯಾಡಿಶ್ ಬೇರಿನಿಂದ. ಕೊನೆಗೆ ಡ್ಯಾಬ್ ಅನ್ನುವ ರಾಸಾಯನಿಕದ ಹನಿ. ಕಿಣ್ವ ಇರುವ ಕಡೆ ಮಾತ್ರ ಅದು ಕಂದಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಉಳಿದ ಕೋಶಗಳ ನ್ಯೂಕ್ಲಿಯಸ್ ಕಾಣಲಿ ಅಂತ ಹೆಮಟಾಕ್ಸಿಲಿನ್ ನೀಲಿ. ಅದು ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುವ ಬಣ್ಣ. ಒಂದು ಇಲಿ, ಒಂದು ಮೇಕೆ, ಒಂದು ಬೇರು, ಒಂದು ಮರ. ಇಷ್ಟೆಲ್ಲ ಸೇರಿ ತೀರ್ಥಹಳ್ಳಿಯ ಒಬ್ಬ ತೋಟದವರ ಒಂದು ಕೋಶ ಯಾವುದು ಎಂದು ಹೇಳುತ್ತವೆ. ಇಷ್ಟು ವರ್ಷ ಮಾಡಿದ ಮೇಲೂ ನನಗೆ ಇದು ಮಾಮೂಲಿ ಅನಿಸಿಲ್ಲ.

ಆ ಇಲಿಯ ಆಂಟಿಬಾಡಿಯ ಹಿಂದೆಯೂ ಒಂದು ದೊಡ್ಡ ಹೆಜ್ಜೆಯಿದೆ. 1975ರಲ್ಲಿ ಕೇಂಬ್ರಿಡ್ಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಆಂಟಿಬಾಡಿಯನ್ನು ಎಷ್ಟು ಬೇಕಾದರೂ ಬೆಳೆಯುವ ದಾರಿ ಕಂಡುಹಿಡಿದರು. ಅದರ ನಂತರ ಬಿಳಿ ರಕ್ತಕಣಗಳ ಮೈಮೇಲಿನ ಪ್ರೋಟೀನುಗಳಿಗೆ ಎಷ್ಟೊಂದು ಲ್ಯಾಬುಗಳು ಆಂಟಿಬಾಡಿ ಮಾಡಿದವೆಂದರೆ, ಒಂದೇ ಪ್ರೋಟೀನಿಗೆ ಊರಿಗೊಂದು ಹೆಸರಾಯಿತು. 1982ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿ ಅವಕ್ಕೆಲ್ಲ ನಂಬರ್ ಕೊಡಲು ಶುರುಮಾಡಿದರು. ಸಿಡಿ1, ಸಿಡಿ2, ಹೀಗೆ. ಈಗ ಆ ಪಟ್ಟಿ 370 ದಾಟಿದೆ. ರಕ್ತಕಣಗಳಿಗೆಂದು ಕೊಟ್ಟ ನಂಬರುಗಳು ಬೇರೆ ಅಂಗಗಳ ಕೋಶಗಳ ಮೇಲೂ ಕಂಡವು. ಪ್ರಾಸ್ಟೇಟಿನಲ್ಲಿ ಇದನ್ನು ಪಟ್ಟುಹಿಡಿದು ನೋಡಿದವರು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲ್ವಿನ್ ಲಿಯು ಮತ್ತು ಲಾರೆನ್ಸ್ ಟ್ರೂ ಅವರ ಗುಂಪು. ಆಪರೇಷನ್ನಿನಲ್ಲಿ ತೆಗೆದ ಪ್ರಾಸ್ಟೇಟಿನ ಪದರಗಳಿಗೆ ಒಂದಾದ ಮೇಲೊಂದು ಸಿಡಿ ಆಂಟಿಬಾಡಿ ಹಾಕುತ್ತಾ ಹೋದರು. ಬೇಸಲ್ ಸಾಲಿಗೆ ಸಿಡಿ44 ಹತ್ತಿತು. ಒಳಸಾಲಿಗೆ ಸಿಡಿ57, ಸಿಡಿ26 ಹತ್ತಿದವು. ರಕ್ತನಾಳಕ್ಕೆ ಸಿಡಿ31. ನಡುವೆ ಅಡ್ಡಾಡುವ ಬಿಳಿ ರಕ್ತಕಣಗಳಿಗೆ ಸಿಡಿ45. ಊರಿನ ಒಂದೊಂದು ಮನೆಗೂ ನಂಬರ್ ಬರೆದ ಹಾಗೆ.

ಸಿಡಿ26 ಅಂದಾಗ ಮಾವನಿಗೆ ಒಂದು ವಿಷಯ ಹೇಳಿದೆ. ಅದರ ಇನ್ನೊಂದು ಹೆಸರು ಡಿಪಿಪಿ-4. ಅವರು ಶುಗರಿಗೆ ದಿನಾ ಬೆಳಿಗ್ಗೆ ನುಂಗುವ ಗ್ಲಿಪ್ಟಿನ್ ಮಾತ್ರೆ ತಡೆಯುವುದು ಇದೇ ಪ್ರೋಟೀನನ್ನು. "ಅಂದ್ರೆ ಅದು ಅಲ್ಲೂ ಇದೆ, ಇಲ್ಲೂ ಇದೆ," ಅಂದರು. ಹೌದು. ಸಿಡಿ ನಂಬರು ಯಾವ ಅಂಗಕ್ಕೂ ಮೀಸಲಲ್ಲ. ಸಿಡಿ26 ಹತ್ತಿತು ಅಂದಮಾತ್ರಕ್ಕೆ ಅದು ಪ್ರಾಸ್ಟೇಟಿನ ಕೋಶ ಅಂತ ಹೇಳಲು ಬರುವುದಿಲ್ಲ. ಎಲ್ಲಿ ಹತ್ತಿತು, ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದೂ ಸೇರಿದರೆ ಮಾತ್ರ ಗುರುತು ಪೂರ್ತಿಯಾಗುತ್ತದೆ.

ನನ್ನ ಮೊದಲ ಕೆಲಸ ಇಂಥದ್ದೇ ಒಂದು ಸಂಶೋಧನೆಯ ಲ್ಯಾಬಿನಲ್ಲಿ. ಅಲ್ಲಿ ಮೇಣದ ಬ್ಲಾಕ್ ಇರಲಿಲ್ಲ. ಸಿಡಿ ಆಂಟಿಬಾಡಿಗಳಲ್ಲಿ ಬಹಳಷ್ಟು ಜೀವಂತ ರಕ್ತಕಣಗಳನ್ನು ಗುರುತಿಸಲು ಮಾಡಿದವು. ಚೂರು ಕೆಡದಂತೆ ಇಡುವ ಫಾರ್ಮಲಿನ್ನಿನಲ್ಲಿ ನೆನೆದು ಬಿಗಿದುಕೊಂಡ ಪ್ರೋಟೀನಿನಲ್ಲಿ ಅವಕ್ಕೆ ತಮ್ಮ ಗುರುತು ಸಿಗುವುದಿಲ್ಲ. ಹಾಗಾಗಿ ಆಪರೇಷನ್ ಆದ ಕೂಡಲೇ ತುಣುಕನ್ನು ಗಟ್ಟಿಯಾಗಿ ಘನೀಕರಿಸಿ, ಮೈನಸ್ 20 ಡಿಗ್ರಿಯ ಯಂತ್ರದಲ್ಲಿ ಹೆರೆಯುತ್ತಿದ್ದೆವು. ಕೈ ಮರಗಟ್ಟುತ್ತಿತ್ತು. ಉಸಿರು ಬಿಟ್ಟರೂ ಪದರ ಮಡಚಿಕೊಳ್ಳುತ್ತಿತ್ತು. ಆ ದಿನಗಳಲ್ಲಿ ಓದಿದ ಲಿಯು ಅವರ 1997ರ ಒಂದು ಲೇಖನ ಇವತ್ತಿಗೂ ನನ್ನ ತಲೆಯಲ್ಲಿದೆ.

ಅವರು ಮಾಡಿದ್ದು ಹೀಗೆ. ಪ್ರಾಸ್ಟೇಟಿನ ತುಣುಕನ್ನು ಕೊಲಾಜಿನೇಸ್ ಎಂಬ ಕಿಣ್ವದಿಂದ ಕರಗಿಸಿ ಕೋಶಗಳನ್ನು ಬಿಡಿಬಿಡಿ ಮಾಡಿದರು. ಸಿಡಿ44, ಸಿಡಿ57 ಆಂಟಿಬಾಡಿ ಬಳಸಿ ಬೇಸಲ್ ಕೋಶಗಳನ್ನೂ ಒಳಸಾಲಿನ ಕೋಶಗಳನ್ನೂ ಬೇರೆ ಬೇರೆ ಹೆಕ್ಕಿದರು. ಒಳಸಾಲಿನ ಕೋಶ ಅಂದರೆ ಪಿಎಸ್‌ಎ ಮಾಡುವ ಕೋಶ. ಅದರ ಮುಖ್ಯ ಕಸುಬೇ ಅದು. ಆದರೆ ಬಿಡಿಯಾದ ಮೇಲೆ ಅದು ಪಿಎಸ್‌ಎ ಮಾಡುವುದನ್ನು ನಿಲ್ಲಿಸಿಬಿಟ್ಟಿತು. ಅದನ್ನು ಮತ್ತೆ ಸ್ಟ್ರೋಮಾದ ಕೋಶಗಳ ಜೊತೆ ಸೇರಿಸಿ ಬೆಳೆಸಿದಾಗ ಪಿಎಸ್‌ಎ ಮತ್ತೆ ಕಾಣಿಸಿತು. ಬೇಸಲ್ ಕೋಶಗಳನ್ನು ಸ್ಟ್ರೋಮಾದ ಜೊತೆ ಬೆಳೆಸಿದರೆ ಅಲ್ಲೂ ಪಿಎಸ್‌ಎ ಸಿಕ್ಕಿತು. ಅಂದರೆ ಬೇಲಿಯ ಕೋಶವೇ ಮನೆಯ ಕೋಶವಾಗುವ ದಾರಿಯಲ್ಲಿತ್ತು.

ಇದನ್ನು ಓದಿದ ದಿನ ನಾನು ಹಾಸ್ಟೆಲಿಗೆ ನಡೆದೇ ಹೋದೆ. ಅದೇ ಕೋಶ, ಅದೇ ಜೀನು. ನೆರೆಯವರಿಂದ ದೂರವಾದ ಕೂಡಲೇ ತನ್ನ ಕಸುಬು ಮರೆತುಬಿಟ್ಟಿತು. ಆಮೇಲಿಂದ ತುಣುಕನ್ನು ಅರೆದು ಅಳೆಯುವ ಪರೀಕ್ಷೆಗಳ ಬಗ್ಗೆ ನನಗೆ ಗೌರವ ಕಡಿಮೆಯಾಗಲಿಲ್ಲ. ಆದರೆ ಕೋಶವನ್ನು ಅದು ಬದುಕಿದ್ದ ಜಾಗದಲ್ಲೇ ಬಿಟ್ಟು ಬಣ್ಣ ಹಾಕುವ ಈ ಹಳೆಯ ಕೆಲಸದ ಬೆಲೆ ಏನು ಅಂತ ತಿಳಿಯಿತು. ಮುಂದೆ ಅದೇ ಗುಂಪು ಇನ್ನೊಂದು ಸಂಗತಿ ತೋರಿಸಿತು. ಕ್ಯಾನ್ಸರಿನ ಸುತ್ತಲಿನ ಸ್ಟ್ರೋಮಾದಲ್ಲಿ ಸಿಡಿ90 ಜಾಸ್ತಿಯಾಗಿ ಹತ್ತುತ್ತದೆ. ಕ್ಯಾನ್ಸರ್ ಕೋಶದಲ್ಲಲ್ಲ, ಅದರ ಪಕ್ಕದ ನಾರಿನ ಕೋಶಗಳಲ್ಲಿ. ಮನೆ ಹಾಳಾದರೆ ಬೀದಿಯೂ ಬದಲಾಗುತ್ತದೆ.

ಇನ್ನು ನನ್ನದೇ ಒಂದು ತಪ್ಪಿನ ವಿಷಯ. ಆಸ್ಪತ್ರೆಗೆ ವರದಿ ಕೊಡುವ ಲ್ಯಾಬಿಗೆ ಬಂದ ಹೊಸದು. ಇಲ್ಲಿ ಎಲ್ಲವೂ ಫಾರ್ಮಲಿನ್, ಮೇಣ. ಹಾಗಾಗಿ ಬೇಸಲ್ ಸಾಲನ್ನು ಕೇಳಲು ಸಾಮಾನ್ಯವಾಗಿ ಬಳಸುವುದು ಸಿಡಿ44 ಅಲ್ಲ. ಕೋಶದ ಒಳಗಿನ ಗಟ್ಟಿ ಗುರುತುಗಳಾದ ಕೆರಾಟಿನ್ ಮತ್ತು ನ್ಯೂಕ್ಲಿಯಸ್ಸಿನ ಪಿ63. ಫಾರ್ಮಲಿನ್ ಬಿಗಿದ ಪ್ರೋಟೀನನ್ನು ಸಡಿಲಿಸಲು ಸ್ಲೈಡುಗಳನ್ನು ಬಫರ್ ಎಂಬ ದ್ರಾವಣದಲ್ಲಿ ಕುದಿಸಬೇಕು. ಇದನ್ನು 1991ರಲ್ಲಿ ಶಾನ್-ರಾಂಗ್ ಶಿ ಮತ್ತು ಜೊತೆಗಾರರು ಮೈಕ್ರೋವೇವ್ ಬಳಸಿ ತೋರಿಸಿದ ಮೇಲೆ ನಮ್ಮ ಕಸುಬೇ ಬದಲಾಯಿತು. ಎಷ್ಟೋ ಲ್ಯಾಬುಗಳಲ್ಲಿ ಇದಕ್ಕೆ ಅನ್ನ ಮಾಡುವಂಥದ್ದೇ ಪ್ರೆಶರ್ ಕುಕ್ಕರ್ ಇಟ್ಟಿರುತ್ತಾರೆ. ನಮ್ಮಲ್ಲೂ ಅದೇ ಇತ್ತು.

ಆ ಸಂಜೆ ನಾನು ಬಫರ್ ಕಡಿಮೆ ಹಾಕಿದ್ದೆ. ಸ್ಲೈಡುಗಳ ಮೇಲಿನ ಅರ್ಧ ನೀರಿನ ಹೊರಗೆ ಉಳಿಯಿತು. ನನಗೆ ಗೊತ್ತಾಗಲಿಲ್ಲ. ಬಣ್ಣ ಹಾಕಿ, ಒಣಗಿಸಿ, ಟ್ರೇಯಲ್ಲಿಟ್ಟು ಒಳಗೆ ಕೊಟ್ಟೆ. ಅದರಲ್ಲಿ ಒಂದು ಪ್ರಾಸ್ಟೇಟಿನದು. ಅನುಮಾನದ ಗ್ರಂಥಿಗಳು ಇದ್ದದ್ದು ಎಳೆಯ ಮೇಲಿನ ತುದಿಯಲ್ಲಿ. ಅವುಗಳ ಸುತ್ತ ಕಂದು ಇರಲಿಲ್ಲ. ಬೇಲಿ ಇಲ್ಲ ಎಂದು ಬರೆಯಲು ಅಷ್ಟೇ ಸಾಕಿತ್ತು. ಆದರೆ ನಮ್ಮ ಪೆಥಾಲಜಿಸ್ಟ್ ಮೇಡಂ ಅಲ್ಲಿ ನಿಲ್ಲಲಿಲ್ಲ. ಅದೇ ತುದಿಯಲ್ಲಿದ್ದ ಒಂದು ದೊಡ್ಡ, ಸುಕ್ಕುಸುಕ್ಕಾದ, ನೋಡಿದರೇ ಒಳ್ಳೆಯದೆಂದು ಗೊತ್ತಾಗುವ ಗ್ರಂಥಿಗೆ ಹೋದರು. ಅದರ ಸುತ್ತಲೂ ಕಂದು ಇರಲಿಲ್ಲ. ನನ್ನನ್ನು ಕರೆದು ತೋರಿಸಿದರು. ಬೈಯಲಿಲ್ಲ. "ಇದಕ್ಕೇ ಹತ್ತಿಲ್ಲ ಅಂದ್ಮೇಲೆ ಅದಕ್ಕೆ ಹತ್ತಿಲ್ಲ ಅಂತ ಹೇಗೆ ಹೇಳ್ಲಿ?" ಅಂದರು. ರಾತ್ರಿಯೇ ಹೊಸ ಪದರ ಹೆರೆದು ಮತ್ತೆ ಮಾಡಿದೆ. ಬೆಳಿಗ್ಗೆ ಆ ಅನುಮಾನದ ಗ್ರಂಥಿಗಳ ಸುತ್ತ ಅಲ್ಲಲ್ಲಿ ಕಂದು ಚುಕ್ಕೆಗಳು ಬಂದವು. ಬೇಲಿ ಇತ್ತು, ತೆಳ್ಳಗಿತ್ತು. ಆ ಮನುಷ್ಯ ಯಾರೆಂದು ನನಗೆ ಗೊತ್ತಿಲ್ಲ. ಆದರೆ ಆ ಸ್ಲೈಡಿನ ನಂಬರನ್ನು ನಾನು ಮರೆತಿಲ್ಲ.

ಕಂದು ಬಂದರೆ ನಂಬುವುದು ಒಂದು ಮಟ್ಟಿಗೆ ಸುಲಭ. ಬಾರದಿದ್ದರೆ ನಂಬಲು ಸಾಕ್ಷಿ ಬೇಕು. ಆ ಸಾಕ್ಷಿ ಅದೇ ಗಾಜಿನ ಮೇಲೆ, ಹತ್ತಿರದಲ್ಲೇ ಇರಬೇಕು. ಅದೇ ಕುಕ್ಕರಿನಲ್ಲಿ ಬೆಂದು, ಅದೇ ಹನಿಯಲ್ಲಿ ನೆನೆದ ನೆರೆಮನೆ. ಅಷ್ಟಾದರೂ ಒಂದೇ ಗ್ರಂಥಿಯ ಮೇಲೆ ತೀರ್ಮಾನ ಕೊಡುವುದಿಲ್ಲ, ಒಳ್ಳೆಯ ಗ್ರಂಥಿಯಲ್ಲೂ ಬೇಸಲ್ ಸಾಲು ಅಲ್ಲಲ್ಲಿ ಕಡಿದಿರಬಹುದು. ಹಾಗಾಗಿ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಾಗಿರುವ ರೇಸಮೇಸ್ ಎಂಬ ಕಿಣ್ವವನ್ನು ಹಿಡಿಯುವ ಇನ್ನೊಂದು ಆಂಟಿಬಾಡಿಯನ್ನೂ ಜೊತೆಗೆ ಹಾಕುತ್ತಾರೆ. ಒಂದು ಇಲ್ಲ ಅನ್ನಬೇಕು, ಇನ್ನೊಂದು ಹೌದು ಅನ್ನಬೇಕು.

ಕೋಶದ ಮೈಮೇಲಿನ ಗುರುತು ಅನ್ನುವ ಮಾತಿನ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಇದನ್ನು ಕಲಿಸಿದ್ದು ಪಿಎಸ್‌ಎಂಎ ಕತೆ. ಪ್ರಾಸ್ಟೇಟ್ ಕೋಶದ ಪೊರೆಯಲ್ಲಿ ಕೂತಿರುವ ಪ್ರೋಟೀನ್ ಅದು. 1987ರಲ್ಲಿ ಹೊರೊಸ್ಜೆವಿಚ್ ಮತ್ತು ಜೊತೆಗಾರರು ಅದನ್ನು ಹಿಡಿಯುವ 7ಇ11 ಎಂಬ ಆಂಟಿಬಾಡಿಯನ್ನು ಪ್ರಕಟಿಸಿದರು. ಕತ್ತರಿಸಿದ ಪದರದ ಮೇಲೆ ಅದು ಚೆನ್ನಾಗಿ ಹತ್ತುತ್ತಿತ್ತು. ಅದಕ್ಕೆ ವಿಕಿರಣ ಕಟ್ಟಿ, ರೋಗಿಯ ದೇಹದಲ್ಲಿ ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ನೋಡುವ ಸ್ಕ್ಯಾನ್ ಮಾಡಿದರು. 1996ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಸ್ಕ್ಯಾನ್ ಎಣಿಸಿದಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಯಾಕೆಂದರೆ 7ಇ11 ಹಿಡಿಯುವ ತುದಿ ಪೊರೆಯ ಒಳಗಡೆ ಇತ್ತು. ಜೀವಂತ ಕೋಶದ ಒಳಗೆ ಆಂಟಿಬಾಡಿ ಹೋಗಲಾರದು. ಸಾಯುತ್ತಿರುವ, ಗೋಡೆ ಒಡೆದ ಕೋಶದಲ್ಲಿ ಮಾತ್ರ ಅದಕ್ಕೆ ದಾರಿ.

ಹಾಗಾದರೆ ಸ್ಲೈಡಿನ ಮೇಲೆ ಯಾಕೆ ಹತ್ತಿತು? ನಮ್ಮ ಬ್ಲೇಡು ಕೋಶವನ್ನೇ ಸೀಳಿರುತ್ತದೆ. ಒಳಗೂ ಹೊರಗೂ ಎರಡೂ ಬಯಲು. ಹಲಸಿನ ಹಣ್ಣು ಕೊಯ್ದ ಮೇಲೆ ತೊಳೆಯೂ ಸಿಪ್ಪೆಯೂ ಒಂದೇ ಸಲ ಕೈಗೆ ಸಿಗುವ ಹಾಗೆ. ಕಂದು ಬಣ್ಣ ಪೊರೆಯ ಗೆರೆಯಲ್ಲೇ ಇದ್ದರೂ, ಅದು ಗೋಡೆಯ ಒಳಬದಿಯೋ ಹೊರಬದಿಯೋ ಎಂದು ಮೈಕ್ರೋಸ್ಕೋಪಿನಲ್ಲಿ ನೋಡಿ ನಾನು ಹೇಳಲಾರೆ. ಇದು ತಿಳಿದ ಮೇಲೆ ಹೊರಬದಿ ಹಿಡಿಯುವ ಜೆ591ನಂಥ ಆಂಟಿಬಾಡಿಗಳನ್ನು ಮಾಡಿದರು. ಆಮೇಲೆ ಅದೇ ಹೊರಬದಿಗೆ ಅಂಟುವ ಚಿಕ್ಕ ಅಣುಗಳು ಬಂದವು. ಇವತ್ತು ಬೆಂಗಳೂರಿನಲ್ಲಿ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿಕೊಂಡು ಬರುವವರು ನೋಡುತ್ತಿರುವುದು ಆ ಹೊರಬದಿಯನ್ನೇ. ಅದೇ ಗುರುತಿಗೆ ಅಂಟುವ ಅಣುವಿಗೆ ವಿಕಿರಣ ಸೂಸುವ ಲುಟೇಶಿಯಂ ಕಟ್ಟಿ ಕೊಡುವ ಚಿಕಿತ್ಸೆಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಬಂತು. ಒಂದು ಪ್ರೋಟೀನಿನ ಈಚೆ ಬದಿ, ಆಚೆ ಬದಿ. ಅಷ್ಟೇ ವ್ಯತ್ಯಾಸ.

ಮಾವನ ಬ್ಲಾಕಿನಿಂದ ಹೊಸ ಪದರವನ್ನು ನಾನೇ ಹೆರೆದೆ. ಬೇರೆಯವರಿಗೆ ಕೊಡು ಅಂತ ಮೇಡಂ ಹೇಳಿದರು, ನಾನು ಒಪ್ಪಲಿಲ್ಲ. ಕುಕ್ಕರಿನಲ್ಲಿ ಬಫರಿನ ಮಟ್ಟವನ್ನು ಮೂರು ಸಲ ನೋಡಿದೆ. ಡ್ಯಾಬ್ ಹಾಕಿದಾಗ ಎಳೆಯ ಒಂದು ಕಡೆ ಕಂದು ಏರುವುದು ಬರಿಗಣ್ಣಿಗೇ ಕಂಡಿತು. ಇನ್ನೊಂದು ಕಡೆ ಏರಲಿಲ್ಲ. ಸ್ವಲ್ಪ ಹೊತ್ತು ಹೆಚ್ಚು ಕಾಯೋಣ ಅನಿಸಿತು. ಕಾಯಲಿಲ್ಲ. ಎಲ್ಲರ ಸ್ಲೈಡಿಗೆ ಎಷ್ಟು ನಿಮಿಷವೋ ಮಾವನದಕ್ಕೂ ಅಷ್ಟೇ.

ಮೊದಲ ವರದಿ ಸರಿಯಾಗಿತ್ತು. ಒಂದೇ ಎಳೆಯಲ್ಲಿ, ಒಂದು ಮಿಲಿಮೀಟರಿನಷ್ಟು ಜಾಗ, ಕ್ಯಾನ್ಸರಿನ ದರ್ಜೆ ಹೇಳುವ ಗ್ಲೀಸನ್ ಲೆಕ್ಕದಲ್ಲಿ 3+3, ಅಂದರೆ ಕೆಳದರ್ಜೆ. ಈ ದರ್ಜೆಯಲ್ಲಿ ಎಷ್ಟೋ ಜನಕ್ಕೆ ಕೂಡಲೇ ಆಪರೇಷನ್ ಮಾಡುವುದಿಲ್ಲ. ಆಗಾಗ ಪಿಎಸ್‌ಎ ನೋಡುತ್ತಾ, ಬೇಕಾದಾಗ ಮತ್ತೆ ಬಯಾಪ್ಸಿ ಮಾಡುತ್ತಾ ಕಾವಲಿರುತ್ತಾರೆ. ಮಾವನಿಗೂ ಡಾಕ್ಟರು ಅದನ್ನೇ ಹೇಳಿದ್ದಾರೆ.

ಊರಿಗೆ ಹೊರಡುವ ದಿನ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಇಬ್ಬರು ಕೂತು ನೋಡುವ ಮೈಕ್ರೋಸ್ಕೋಪು. ಒಂದು ಕಡೆ ಮೇಡಂ, ಇನ್ನೊಂದು ಕಡೆ ಮಾವ. ಕನ್ನಡಕ ತೆಗೆದು, ಮತ್ತೆ ಹಾಕಿ, ಕೊನೆಗೆ ತೆಗೆದೇ ನೋಡಿದರು. ಮೇಡಂ ಹಸಿರು ಬಾಣದ ಗುರುತನ್ನು ಒಂದು ದೊಡ್ಡ ಗ್ರಂಥಿಯ ಸುತ್ತ ಆಡಿಸಿದರು. ನೀಲಿ ಉಂಗುರ, ಅದರ ಸುತ್ತ ಕಂದು ಸಾಲು. ಆಮೇಲೆ ಸ್ಲೈಡು ಸರಿಸಿದರು. ಒತ್ತೊತ್ತಾಗಿ ಚಿಕ್ಕ ಉಂಗುರಗಳು, ಸುತ್ತ ಏನೂ ಇಲ್ಲ.

ಮಾವ ತುಂಬಾ ಹೊತ್ತು ಮಾತಾಡಲಿಲ್ಲ. "ಬೇಲಿ ಹೋಗಿದೆ," ಅಂದರು ಮೆಲ್ಲಗೆ. ತೋಟದ ಅಂಚಿನಲ್ಲಿ ನಿಂತು ಹೇಳುವ ಧ್ವನಿಯಲ್ಲೇ. ಆಮೇಲೆ ಕಣ್ಣು ಕೀಳದೆ ಕೇಳಿದರು, "ಮೇಡಂ, ಆ ಮೊದ್ಲಿನ ಮನೆ ಇನ್ನೊಂದ್ಸಲ ತೋರಿಸ್ತೀರಾ?"

ಮೇಡಂ ಸ್ಲೈಡನ್ನು ವಾಪಸ್ ಸರಿಸಿದರು.